ಪುಡಿ ಪ್ಯಾಕೆಟ್ಟಿನ ಲೇಬಲ್ ರಿಪೇರಿ: ಮೊದಲು ಬ್ರೀಫ್, ಆಮೇಲೆ ಬಣ್ಣ

ಚಾಮರಾಜಪೇಟೆಯ ಒಂದು ಮನೆಯಲ್ಲಿ ಅತ್ತಿಗೆ ಮತ್ತು ನಾದಿನಿ ಸೇರಿ ಪುಡಿ ಮಾಡಿ ಮಾರುತ್ತಾರೆ. ಸಾರಿನ ಪುಡಿ, ಹುಳಿ ಪುಡಿ, ಶೇಂಗಾ ಚಟ್ನಿ ಪುಡಿ. ಮೂರೂ 200 ಗ್ರಾಂ ಪ್ಯಾಕೆಟ್. ಗಾಂಧಿ ಬಜಾರ್, ಹನುಮಂತನಗರ, ಜಯನಗರದ ಕೆಲವು ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹೋಗುತ್ತವೆ. ಕಂದು ಬಣ್ಣದ ಕ್ರಾಫ್ಟ್ ಪೌಚು, ಅದರ ಮೇಲೆ ಒಂದು ಸ್ಟಿಕ್ಕರ್. ಆ ಸ್ಟಿಕ್ಕರನ್ನು ಹೊಸದಾಗಿ ಮಾಡಿಕೊಡುವುದು ನನ್ನ ಕೆಲಸ.

ಹಳೆಯ ಸ್ಟಿಕ್ಕರ್ ನೋಡಿದರೆ ಕೆಟ್ಟದಾಗೇನೂ ಇರಲಿಲ್ಲ. ಮೇಲೆ ಅರಿಶಿನದ ಬಣ್ಣದ ಪಟ್ಟಿ. ಸುತ್ತ ತೆಳು ಗೆರೆಯ ರಂಗೋಲಿ. ನಡುವೆ ದೊಡ್ಡದಾಗಿ ಬ್ರ್ಯಾಂಡ್ ಹೆಸರು, ಕೆಳಗೆ ಸಣ್ಣದಾಗಿ ಪುಡಿಯ ಹೆಸರು. ಮಾಡಿದವರ ಕೈ ಚೆನ್ನಾಗಿದೆ. ಆದರೆ ಅವರಿಗೆ ಈ ಮನೆಯವರು ಏನು ಬೇಕು ಅಂತ ಬರೆದು ಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ. ಚೆಂದದ ಲೇಬಲ್ ಬಂತು, ಅಂಗಡಿಯಲ್ಲಿ ಕೆಲಸ ಮಾಡಲಿಲ್ಲ.

ನನಗೆ ಬಂದ ವಾಟ್ಸಾಪ್ ಮೆಸೇಜ್ ಹೀಗಿತ್ತು: ‘ಲೇಬಲ್ ಡಲ್ ಆಗಿದೆ, ಫ್ರೆಶ್ ಆಗಿ ಮಾಡಿಕೊಡಿ. ಟ್ರೆಡಿಷನಲ್ ಆಗಿರಲಿ, ಮಾಡರ್ನ್ ಆಗಿಯೂ ಇರಲಿ.’ ಇಷ್ಟನ್ನೇ ಹಿಡಿದುಕೊಂಡು ಕಂಪ್ಯೂಟರ್ ಮುಂದೆ ಕೂತರೂ ಎರಡು ಮೂರು ಒಳ್ಳೆಯ ಲೇಬಲ್ ಬರುತ್ತವೆ. ಆದರೆ ಅದರಲ್ಲಿ ಯಾವುದು ಸರಿ ಅಂತ ಆರಿಸುವುದು ಹೇಗೆ? ಡಲ್ ಅನ್ನುವುದಕ್ಕೆ ಅಳತೆ ಇಲ್ಲ. ಕೊನೆಗೆ ಯಾರ ದನಿ ಜಾಸ್ತಿಯೋ ಅವರಿಗೆ ಇಷ್ಟವಾದ ಲೇಬಲ್ ಗೆಲ್ಲುತ್ತದೆ. ಅದಕ್ಕೇ ನಾನು ಬ್ರೀಫ್ ಬರೆಯದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಯಾವ ತೊಂದರೆ ಸರಿಯಾಗಬೇಕು, ಯಾರಿಗೆ, ಎಲ್ಲಿ, ಎಷ್ಟು ಖರ್ಚಿನಲ್ಲಿ, ಯಾರು ಒಪ್ಪಿದರೆ ಮುಗಿದಂತೆ ಎಂದು ಎರಡೂ ಕಡೆಯವರು ಸೇರಿ ಬರೆದುಕೊಳ್ಳುವ ಕಾಗದ ಅದು. ನನ್ನ ಮಟ್ಟಿಗೆ ಬ್ರೀಫೇ ಡಿಸೈನಿನ ಮೊದಲ ಕರಡು. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗವೂ ಅದೇ.

ಮನೆಯಲ್ಲಿ ಕೇಳಿದ್ದು

ಮೊದಲ ಮಾತುಕತೆಯಲ್ಲಿ ಬಣ್ಣ, ಫಾಂಟ್ ಯಾವುದನ್ನೂ ಎತ್ತಲಿಲ್ಲ. ಅಡುಗೆಮನೆಯ ಪಕ್ಕದ ಹಾಲ್‌ನಲ್ಲಿ ಪ್ಯಾಕಿಂಗ್ ನಡೆಯುತ್ತದೆ. ಅಲ್ಲೇ ಕೂತು ನೋಡಿದೆ. ಪುಡಿ ಹುರಿದು, ಬೀಸಿ, ಆರಿಸಿ, ತೂಗಿ, ಪೌಚಿಗೆ ತುಂಬಿ, ಸೀಲ್ ಮಾಡಿ, ಆಮೇಲೆ ಕೈಯಲ್ಲೇ ಸ್ಟಿಕ್ಕರ್ ಅಂಟಿಸುತ್ತಾರೆ. ಅಂಟಿಸಿದ ಮೇಲೆ ಬ್ಯಾಚ್, ತಾರೀಕು, ಬೆಲೆಗೆ ರಬ್ಬರ್ ಸೀಲು. ಸ್ಟಿಕ್ಕರ್ ಮೇಲೆ ನುಣುಪಾದ ಲ್ಯಾಮಿನೇಷನ್ ಇದ್ದುದರಿಂದ ಸೀಲಿನ ಇಂಕು ಒಣಗುತ್ತಿರಲಿಲ್ಲ. ಹೆಬ್ಬೆರಳು ತಾಗಿದರೆ ತಾರೀಕು ಅಳಿಸಿ ಹೋಗುತ್ತಿತ್ತು. ಕೊನೆಗೆ ಮಾರ್ಕರ್‌ನಲ್ಲಿ ಬರೆಯುತ್ತಿದ್ದರು. ಈ ವಿಷಯ ಆ ಮೆಸೇಜ್‌ನಲ್ಲಿ ಇರಲಿಲ್ಲ. ಅದು ಡಿಸೈನರ್‌ಗೆ ಹೇಳುವ ಮಾತು ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ.

ಆಮೇಲೆ ಒಂದು ಪ್ರಶ್ನೆ ಕೇಳಿದೆ. ಅಂಗಡಿಯವರಿಂದ ವಾಪಸ್ ಬರುವ ದೂರು ಯಾವುದು? ನಾದಿನಿ ತಕ್ಷಣ ಹೇಳಿದರು: ‘ಸಾರಿನ ಪುಡಿ ಅಂತ ಹುಳಿ ಪುಡಿ ತಗೊಂಡು ಹೋಗ್ತಾರೆ. ಮನೆಗೆ ಹೋಗಿ ನೋಡಿ ವಾಪಸ್ ತರ್ತಾರೆ. ಅಂಗಡಿಯವರು ನಮ್ಮ ಮೇಲೆ ರೇಗ್ತಾರೆ.’ ಅತ್ತಿಗೆಯೂ ತಲೆ ಆಡಿಸಿದರು. ಇಷ್ಟು ದೊಡ್ಡ ವಿಷಯ ಡಲ್ ಅನ್ನುವ ಒಂದು ಮಾತಿನ ಹಿಂದೆ ಕೂತಿತ್ತು.

ಇನ್ನೊಂದು ಪ್ರಶ್ನೆ ಕೇಳಲು ಮುಜುಗರವಾಗುತ್ತದೆ, ಆದರೂ ಕೇಳಲೇಬೇಕು. ಕೊನೆಗೆ ಸರಿ ಅನ್ನುವವರು ಯಾರು? ಅಡುಗೆ ಅತ್ತಿಗೆಯದು, ಲೆಕ್ಕ ನಾದಿನಿಯದು, ಇನ್‌ಸ್ಟಾಗ್ರಾಂ ನೋಡಿಕೊಳ್ಳುವುದು ಮಗ. ಮೂವರಿಗೂ ಮೂರು ಅಭಿಪ್ರಾಯ. ಸ್ವಲ್ಪ ಹೊತ್ತು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗಡಿಯವರ ಜೊತೆ ದಿನಾ ಮಾತಾಡುವುದು ನಾದಿನಿ, ಆದ್ದರಿಂದ ಅವರ ಸಹಿ ಅಂತ ತೀರ್ಮಾನವಾಯಿತು. ಉಳಿದ ಇಬ್ಬರು ಏನು ಹೇಳಬೇಕಿದ್ದರೂ ಅವರ ಮೂಲಕ.

ಅಂಗಡಿಯ ರ‍್ಯಾಕು

ಅಂಗಡಿಗೆ ಟೇಪು ಹಿಡಿದುಕೊಂಡು ಹೋದೆ. ಗಾಂಧಿ ಬಜಾರ್ ಕಡೆಯ ಅಂಗಡಿಗಳಲ್ಲಿ ಗಿರಾಕಿ ಒಳಗೆ ಹೋಗಿ ಆರಿಸುವುದು ಕಮ್ಮಿ. ಕೌಂಟರಿನ ಈಚೆ ನಿಂತು ‘ಒಂದು ಸಾರಿನ ಪುಡಿ ಕೊಡಿ’ ಅನ್ನುತ್ತಾರೆ. ಒಳಗಿನ ಹುಡುಗ ತಿರುಗಿ ತೆಗೆದು ಕೊಡುತ್ತಾನೆ. ಅಂದರೆ ಲೇಬಲ್ ಓದುವ ಮೊದಲ ವ್ಯಕ್ತಿ ಆ ಹುಡುಗ. ಅವನಿಗೆ ಓದಲು ಸಿಗುವ ಸಮಯ ಕಣ್ಣು ಮಿಟುಕಿಸುವಷ್ಟು.

ರ‍್ಯಾಕಿನ ಮುಂದೆ, ಪ್ಯಾಕೆಟ್ ಜಾರಿ ಬೀಳದಿರಲಿ ಅಂತ ಒಂದು ಅಡ್ಡಪಟ್ಟಿ ಇರುತ್ತದೆ. ಅಳೆದರೆ ಸುಮಾರು 5 ಸೆಂ.ಮೀ. ಎತ್ತರ. ಹಳೆಯ ಲೇಬಲ್ಲಿನಲ್ಲಿ ಪುಡಿಯ ಹೆಸರು ಇದ್ದದ್ದು ತೀರಾ ಕೆಳಗೆ. ಆ ಹೆಸರು ಸರಿಯಾಗಿ ಪಟ್ಟಿಯ ಹಿಂದೆ ಹೋಗಿ ಕೂರುತ್ತಿತ್ತು. ಮೂರು ಪುಡಿಗಳದ್ದೂ ಕಾಣುವ ಭಾಗ ಒಂದೇ: ಅರಿಶಿನ ಪಟ್ಟಿ, ರಂಗೋಲಿ, ಬ್ರ್ಯಾಂಡ್ ಹೆಸರು. ಹುಡುಗ ಅಂದಾಜಿನಲ್ಲಿ ತೆಗೆಯುತ್ತಿದ್ದ. ತಪ್ಪು ಅವನದಲ್ಲ.

ಇದನ್ನು ನೋಡಿದಾಗ ನನಗೆ ತುಂಬಾ ಖುಷಿಯಾಯಿತು. ತೊಂದರೆ ಯಾವುದು ಅಂತ ಸೆಂಟಿಮೀಟರಿನಲ್ಲಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮನೆಯಲ್ಲೇ ಕೂತು ಎಷ್ಟು ಒಳ್ಳೆಯ ರಂಗೋಲಿ ಬರೆದಿದ್ದರೂ ಈ ಅಡ್ಡಪಟ್ಟಿ ಕಾಣುತ್ತಿರಲಿಲ್ಲ. ಬ್ರೀಫ್ ಬರೆಯಲು ಒಳ್ಳೆಯ ಜಾಗ ಆ ವಸ್ತು ಬಳಕೆಯಾಗುವ ಜಾಗವೇ.

ಬ್ರೀಫಿನ ಪುಟ

ಎರಡೂ ಕಡೆ ನೋಡಿದ್ದನ್ನು ಸೇರಿಸಿ ಬರೆದೆ. ಕನ್ನಡದಲ್ಲೇ ಬರೆದೆ, ಏಕೆಂದರೆ ಸಹಿ ಹಾಕುವವರು ಆರಾಮಾಗಿ ಓದಿ ವಾದ ಮಾಡಬೇಕು. ಅದರ ಮುಖ್ಯ ಸಾಲುಗಳು ಇವು:

‘ಮುಖ್ಯ ತೊಂದರೆ: ಅಂಗಡಿಯ ಹುಡುಗ ಮೂರು ಪುಡಿಗಳನ್ನು ಅದಲು ಬದಲು ಮಾಡುತ್ತಾನೆ. ಹೊಸ ಲೇಬಲ್ ಇದನ್ನು ನಿಲ್ಲಿಸಬೇಕು.

ಪುಡಿಯ ಹೆಸರು ಪ್ಯಾಕೆಟ್ಟಿನ ಕೆಳಗಿನ 6 ಸೆಂ.ಮೀ. ಒಳಗೆ ಬರಬಾರದು.

ಹತ್ತು ಅಡಿ ದೂರದಿಂದ, ಟ್ಯೂಬ್‌ಲೈಟ್ ಬೆಳಕಿನಲ್ಲಿ, ಪುಡಿ ಯಾವುದು ಅಂತ ಗೊತ್ತಾಗಬೇಕು. ಬಣ್ಣ ಗೊತ್ತಾಗದವರಿಗೂ ಗೊತ್ತಾಗಬೇಕು.

ಬ್ಯಾಚ್, ತಾರೀಕು, ಬೆಲೆಯ ಜಾಗದಲ್ಲಿ ರಬ್ಬರ್ ಸೀಲಿನ ಇಂಕು ಒಣಗಬೇಕು.

ಶೇಂಗಾ ಎಣ್ಣೆ ತಾಗಿದರೂ ಪ್ಯಾಕೆಟ್ಟಿನ ಮುಂಭಾಗದ ಲೇಬಲ್ ಕಲೆಯಾಗಬಾರದು.

ಎಲ್ಲ ಲೇಬಲ್ ಸೇರಿ ಒಂದು ಪ್ಯಾಕೆಟ್ಟಿಗೆ 5 ರೂಪಾಯಿ ಮೀರಬಾರದು.

ಬದಲಾವಣೆ ಎರಡು ಸುತ್ತು. ‘ಇಷ್ಟ ಆಗಲಿಲ್ಲ’ ಅನ್ನುವವರು ಈ ಪುಟದ ಯಾವ ಸಾಲು ಈಡೇರಿಲ್ಲ ಅಂತ ತೋರಿಸಬೇಕು.’

ಕೊನೆಯ ಸಾಲು ಓದಿ ಮಗ ಸ್ವಲ್ಪ ಗೊಣಗಿದ. ನಾನು ಬಿಡಲಿಲ್ಲ. ಅದೇ ನಿಯಮ ನನಗೂ ಅನ್ವಯ. ನನಗೆ ಇಷ್ಟ ಅಂತ ಒಂದು ಗೆರೆಯನ್ನು ನಾನು ಉಳಿಸಿಕೊಳ್ಳುವ ಹಾಗಿಲ್ಲ. ಅದು ಯಾವ ಸಾಲಿಗೆ ದುಡಿಯುತ್ತಿದೆ ಅಂತ ನಾನೂ ಹೇಳಬೇಕು.

ಇನ್ನೊಂದು ಸಾಲು ಅತ್ತಿಗೆ ಹೇಳಿ ಬರೆಸಿದ್ದು: ‘ಅರಿಶಿನದ ಪಟ್ಟಿ ಹಾಗೇ ಇರಬೇಕು.’ ಹಳೆಯ ಗಿರಾಕಿಗಳು ‘ಹಳದಿ ಪಟ್ಟಿ ಪುಡಿ’ ಅಂತಲೇ ಕೇಳುತ್ತಾರಂತೆ. ಏನು ಬದಲಾಗಬಾರದು ಅನ್ನುವುದನ್ನು ಬರೆಯದ ಬ್ರೀಫ್ ಅಪಾಯ. 2009ರ ಜನವರಿಯಲ್ಲಿ ಅಮೆರಿಕದಲ್ಲಿ ಟ್ರೋಪಿಕಾನಾ ಜ್ಯೂಸಿನ ಡಬ್ಬಿಯನ್ನು ಪೂರ್ತಿ ಬದಲಾಯಿಸಿದರು. ಸ್ಟ್ರಾ ಚುಚ್ಚಿದ ಕಿತ್ತಳೆ ಹಣ್ಣಿನ ಹಳೆಯ ಚಿತ್ರ ಹೋಯಿತು, ಒಂದು ಗ್ಲಾಸ್ ಜ್ಯೂಸು ಬಂತು. ಎರಡು ತಿಂಗಳೂ ತುಂಬುವ ಮುಂಚೆ ಮಾರಾಟ ಶೇ 20ರಷ್ಟು ಕುಸಿಯಿತು, ಹಳೆಯ ಡಬ್ಬಿ ವಾಪಸ್ ಬಂತು. ಹೊಸ ಡಬ್ಬಿ ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಆದರೆ ಜನ ರ‍್ಯಾಕಿನಲ್ಲಿ ಹುಡುಕುತ್ತಿದ್ದ ಗುರುತು ಅದರಲ್ಲಿ ಇರಲಿಲ್ಲ. ನಮ್ಮಲ್ಲೇ ನೋಡಿ. ಬೆಂಗಳೂರಿನಲ್ಲಿ ಶುರುವಾದ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸೋಪಿಗೆ ಆನೆಯ ತಲೆ, ಸಿಂಹದ ಮೈ ಇರುವ ಶರಭವೇ ಇವತ್ತಿಗೂ ಗುರುತು. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಗುರುತು ಹಿಡಿಯುತ್ತಾರೆ. ಚಾಮರಾಜಪೇಟೆಯ ಪುಡಿಗೆ ಈ ಅರಿಶಿನ ಪಟ್ಟಿಯೇ ಶರಭ. ಅದನ್ನು ಮುಟ್ಟಲಿಲ್ಲ.

ಲೇಬಲ್ಲಿಗೆ ಕಾನೂನಿನ ಪಾಲೂ ಇದೆ. ಬ್ರೀಫಿಗೆ ಅದನ್ನು ಮೊದಲೇ ಸೇರಿಸದಿದ್ದರೆ ಕೊನೆಯ ಗಳಿಗೆಯಲ್ಲಿ ಚೆಂದದ ಜಾಗಕ್ಕೆಲ್ಲ ಸಣ್ಣ ಅಕ್ಷರ ತುರುಕಬೇಕಾಗುತ್ತದೆ. 2020ರ ಆಹಾರ ಲೇಬಲಿಂಗ್ ನಿಯಮಗಳ ಪ್ರಕಾರ ಹೆಸರು, ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ವಿವರ, ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಡುವ 14 ಅಂಕಿಯ ಸಂಖ್ಯೆ, ತಯಾರಕರ ವಿಳಾಸ, ತಾರೀಕುಗಳು ಬೇಕು. ಪದಾರ್ಥಗಳನ್ನು ಯಾವುದು ಜಾಸ್ತಿಯೋ ಅದನ್ನು ಮೊದಲು ಹಾಕಿ ಇಳಿಕೆ ಕ್ರಮದಲ್ಲಿ ಬರೆಯಬೇಕು. ತೂಕ, ಎಂಆರ್‌ಪಿ, ಗ್ರಾಮಿಗೆ ಎಷ್ಟು ಅನ್ನುವ ಯೂನಿಟ್ ಬೆಲೆ ತೂಕ-ಅಳತೆಯ ನಿಯಮದಿಂದ ಬರುತ್ತವೆ. ಕಡ್ಡಾಯ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆ ಹಾಕಬಹುದು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಲ್ಲಿ ರಾಜ್ಯದಲ್ಲಿ ತಯಾರಾಗುವ ವಸ್ತುವಿನ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎಂದಿದೆ. ಹಾಗಾಗಿ ಎರಡು ಭಾಷೆಗೆ ಜಾಗ ಬಿಡುವುದು ಮೊದಲ ದಿನದ ಲೆಕ್ಕ.

ಸಸ್ಯಾಹಾರದ ಹಸಿರು ಚುಕ್ಕಿಗೂ ಅಳತೆ ಇದೆ. ಪೌಚು 13 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ. ಮುಖದ ವಿಸ್ತೀರ್ಣ 260 ಚದರ ಸೆಂ.ಮೀ. 100ರಿಂದ 500ರ ಒಳಗಿನ ಮುಖಕ್ಕೆ ಚುಕ್ಕಿಯ ವ್ಯಾಸ ಕನಿಷ್ಠ 4 ಮಿ.ಮೀ., ಸುತ್ತಲ ಚೌಕದ ಬದಿ ಅದರ ಎರಡರಷ್ಟು, ಅಂದರೆ 8 ಮಿ.ಮೀ. ಹಳೆಯ ಲೇಬಲ್ಲಿನ ಚುಕ್ಕಿ ಇದಕ್ಕಿಂತ ಚಿಕ್ಕದು, ಅದೂ ಕಂದು ಹಿನ್ನೆಲೆಯಲ್ಲಿ ಮುಳುಗಿತ್ತು.

ಪದಾರ್ಥಗಳ ಪಟ್ಟಿ ಕೇಳುವಾಗ ಇಂಗಿನ ವಿಷಯ ಸಿಕ್ಕಿತು. ನಾವು ಅಡುಗೆಗೆ ಬಳಸುವ ಬೆರಕೆ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಡಬ್ಬಿ ತಿರುಗಿಸಿ ನೋಡಿದರೆ ಇವರು ಬಳಸುವುದರಲ್ಲೂ ಇತ್ತು. ಗೋಧಿಯ ಗ್ಲುಟೆನ್ ಮತ್ತು ಶೇಂಗಾ ಎರಡೂ ಅಲರ್ಜಿಯ ಪಟ್ಟಿಯಲ್ಲಿವೆ, ಲೇಬಲ್ಲಿನಲ್ಲಿ ಹೇಳಲೇಬೇಕು. ಹಳೆಯದರಲ್ಲಿ ಆ ಮಾತೇ ಇರಲಿಲ್ಲ. ಗೋಧಿ ತಿಂದರೆ ಆಸ್ಪತ್ರೆ ಸೇರುವವರಿಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ? ಬ್ರೀಫಿಗೆ ದಪ್ಪ ಅಕ್ಷರದಲ್ಲಿ ಸೇರಿಸಿದೆ.

ಮೂರು ಅಕ್ಷರ

ಇಷ್ಟಾದ ಮೇಲೆ ಪೆನ್ಸಿಲ್ ಹಿಡಿದೆ. ಹತ್ತು ಅಡಿ ಅನ್ನುವ ಸಾಲು ಎದುರಿಗೆ ಇದ್ದುದರಿಂದ ದಾರಿ ಬೇಗ ಕಂಡಿತು. ಪೂರ್ತಿ ಹೆಸರು ಅಷ್ಟು ದೂರಕ್ಕೆ ಓದಿಸುವಷ್ಟು ಜಾಗ ಲೇಬಲ್ಲಿನಲ್ಲಿ ಇಲ್ಲ. ಮೊದಲ ಅಕ್ಷರಕ್ಕೆ ಇದೆ. ಸಾ, ಹು, ಚಟ್ನಿಯ ಚ. ಒಂದೊಂದು ಅಕ್ಷರ 45 ಮಿ.ಮೀ. ಎತ್ತರ. ಅದರ ಕೆಳಗೆ ಪೂರ್ತಿ ಹೆಸರು.

ಈ ಮೂರು ಅಕ್ಷರ ಸಿಕ್ಕಿದ್ದು ಅದೃಷ್ಟ. ‘ಸಾ’ದಲ್ಲಿ ಇಳಿ ತಲೆಯ ಮೇಲಿಂದ ಬಲಕ್ಕೆ ಚಾಚುತ್ತದೆ. ‘ಹು’ದಲ್ಲಿ ಕೊಂಬು ಬಲಗಡೆ ಕಾಲು ಊರಿದ ಹಾಗೆ ನಿಲ್ಲುತ್ತದೆ. ‘ಚ’ಗೆ ಎರಡೂ ಇಲ್ಲ, ಬರೀ ತಲಕಟ್ಟು. ಕಣ್ಣು ಅರ್ಧ ಮುಚ್ಚಿ ನೋಡಿದರೂ ಮೂರರ ಆಕಾರ ಬೇರೆ ಬೇರೆ. ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿಯ ಗಾಢ ಕೆಂಪು, ಹುಳಿ ಪುಡಿಗೆ ಕೊತ್ತಂಬರಿಯ ಹಸಿರು, ಚಟ್ನಿ ಪುಡಿಗೆ ಹುರಿದ ಶೇಂಗಾದ ಕಂದು. ಕೆಂಪು, ಹಸಿರು ಬೇರೆಯಾಗಿ ಕಾಣದವರೂ ಇರುತ್ತಾರೆ. ಅವರಿಗೆ ಅಕ್ಷರವೇ ಸಾಕು.

ಫಾಂಟಿಗೆ ಅನೇಕ್ ಕನ್ನಡ, ಬಲೂ ತಮ್ಮ, ನೋಟೋ ಸೆರಿಫ್ ಕನ್ನಡ ಮೂರನ್ನೂ ಅಸಲಿ ಅಳತೆಯಲ್ಲಿ ಪ್ರಿಂಟ್ ತೆಗೆದು ನೋಡಿದೆ. ಮೂರೂ ಮುಕ್ತ ಪರವಾನಗಿಯ ಫಾಂಟುಗಳು, ವ್ಯಾಪಾರಕ್ಕೆ ಬಳಸಲು ಅಡ್ಡಿಯಿಲ್ಲ. ಲೈಸೆನ್ಸ್ ಇಲ್ಲದ ಫಾಂಟ್ ಬಳಸಬಾರದು ಅಂತ ಬ್ರೀಫಿನಲ್ಲಿ ಬರೆದಿದ್ದೆ. ಅನೇಕ್‌ನಲ್ಲಿ ಒಂದೇ ಅಕ್ಷರವನ್ನು ಅಗಲ, ತೆಳು, ದಪ್ಪ ಹೇಗೆ ಬೇಕಾದರೂ ಎಳೆದುಕೊಳ್ಳಬಹುದು. ಅದೇ ಗೆದ್ದಿತು. ದೊಡ್ಡ ಅಕ್ಷರಕ್ಕೆ ದಪ್ಪದ್ದು, ಪದಾರ್ಥಗಳ ಪಟ್ಟಿಗೆ ಅಗಲವಾದ ಮಧ್ಯಮ ದಪ್ಪದ್ದು.

ಒತ್ತಕ್ಷರ ಮಾತ್ರ ಕಾಟ ಕೊಟ್ಟಿತು. ‘ಚಟ್ನಿ’ಯ ನಾವತ್ತು ಕೆಳಗೆ ಇಳಿಯುತ್ತದೆ. ‘ಸಾರಿನ ಪುಡಿ’ಗೆ ಬಿಟ್ಟಷ್ಟು ಜಾಗ ಸಾಲದು, ಕೆಳಗಿನ ಇಂಗ್ಲಿಷ್ ಸಾಲಿಗೆ ತಾಗುತ್ತದೆ. ಮೂರು ಲೇಬಲ್ಲಿಗೂ ‘ಚಟ್ನಿ’ಯ ಅಳತೆಯನ್ನೇ ಇಟ್ಟು ಸಾಲಿನ ಅಂತರ ಹಾಕಿದೆ. ಪದಾರ್ಥಗಳ ಪಟ್ಟಿಯ ‘ಕೊತ್ತಂಬರಿ’, ‘ಮೆಂತ್ಯ’ ಪದಗಳನ್ನು 6 ಪಾಯಿಂಟಿನಲ್ಲಿ ಪ್ರಿಂಟ್ ತೆಗೆದಾಗ ಒತ್ತಿನ ಒಳಗಿನ ಸಂದು ಇಂಕಿನಿಂದ ಮುಚ್ಚಿಹೋಯಿತು. ಸ್ಕ್ರೀನಿನಲ್ಲಿ ಇದು ಗೊತ್ತಾಗುವುದೇ ಇಲ್ಲ, ಅಲ್ಲಿ ಎಲ್ಲವೂ ಸ್ವಚ್ಛ. 7.5 ಪಾಯಿಂಟಿಗೆ ಏರಿಸಿ, ಅಕ್ಷರಗಳ ನಡುವೆ ಕೂದಲೆಳೆ ಜಾಗ ಕೊಟ್ಟ ಮೇಲೆ ಓದಲು ಬಂತು. ಪಟ್ಟಿಯನ್ನು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಹಾಕುವ ಯೋಚನೆ ಅಲ್ಲೇ ಕೈಬಿಟ್ಟೆ. ನಾಲ್ಕು ಬಣ್ಣದ ಇಂಕು ಕೂದಲೆಳೆ ಸರಿದರೂ ಸಣ್ಣ ಬಿಳಿ ಅಕ್ಷರ ಮುಚ್ಚಿಹೋಗುತ್ತದೆ. ಬಿಳಿ ಮೇಲೆ ಬರೀ ಕಪ್ಪು ಇಂಕು, ಅಷ್ಟೇ.

ಪಠ್ಯ ಬಂದದ್ದು ಹಳೆಯ ನುಡಿ ಫಾಂಟಿನಲ್ಲಿ. ಯೂನಿಕೋಡ್ ಅಲ್ಲದ ಆ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪರಿವರ್ತಿಸಿ, ಅತ್ತಿಗೆಯ ಹತ್ತಿರ ಒಂದೊಂದು ಪದ ಓದಿಸಿ ಸರಿಮಾಡಿಕೊಂಡೆ. ಇಲ್ಲಸ್ಟ್ರೇಟರ್ ಸಾಫ್ಟ್‌ವೇರಿನಲ್ಲಿ ಭಾರತೀಯ ಭಾಷೆಗಳ ಕಂಪೋಸರ್ ಅನ್ನುವ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ, ಅದನ್ನೂ ಮರೆಯಬೇಡಿ.

ಹಾಳೆಯ ಲೆಕ್ಕ, ಎಣ್ಣೆಯ ಪರೀಕ್ಷೆ

5 ರೂಪಾಯಿಯ ಸಾಲು ತುಂಬಾ ಕೆಲಸ ಮಾಡಿತು. ಡಿಜಿಟಲ್ ಪ್ರೆಸ್ಸಿನ 13×19 ಇಂಚಿನ ಹಾಳೆಯಲ್ಲಿ ಅಂಚು ಬಿಟ್ಟು ಸಿಗುವ ಜಾಗ ಸುಮಾರು 320×470 ಮಿ.ಮೀ. ಹಳೆಯ ಲೇಬಲ್ 90×120 ಮಿ.ಮೀ. ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು, ಸೇರಿಸಿದರೆ 96×126. ಹಾಳೆಗೆ ಒಂಬತ್ತು ಮಾತ್ರ ಕೂರುತ್ತವೆ. ಅದನ್ನೇ 80×110ಕ್ಕೆ ಇಳಿಸಿದರೆ ಬ್ಲೀಡ್ ಸೇರಿ 86×116. ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು, ಒಟ್ಟು ಹನ್ನೆರಡು. ಹಾಳೆಯ ಬೆಲೆ ಅದೇ, ಒಂದೊಂದು ಲೇಬಲ್ಲಿನ ಖರ್ಚು ಕಾಲುಭಾಗ ಕಮ್ಮಿ. ಉಬ್ಬಿದ ಪೌಚಿನ ಮೇಲೆ 80 ಮಿ.ಮೀ. ಅಗಲದ ಸ್ಟಿಕ್ಕರ್ ಸುಕ್ಕಿಲ್ಲದೆ ಕೂರುತ್ತದೆ, ಅದೂ ಲಾಭ. ಮೂಲೆಗಳನ್ನು 3 ಮಿ.ಮೀ. ದುಂಡು ಮಾಡಿದೆ. ಚೂಪು ಮೂಲೆ ಬೇಗ ಏಳುತ್ತದೆ.

ಈಗ ಎಣ್ಣೆ ಮತ್ತು ಸೀಲು. ಇವೆರಡಕ್ಕೂ ಜಗಳ. ಕ್ರೋಮೋ ಪೇಪರ್ ಸ್ಟಿಕ್ಕರ್ ಸೀಲಿನ ಇಂಕನ್ನು ಹೀರಿಕೊಳ್ಳುತ್ತದೆ, ಎಣ್ಣೆಯನ್ನೂ ಹೀರಿಕೊಳ್ಳುತ್ತದೆ. ಪಿಪಿ, ಅಂದರೆ ಪ್ಲಾಸ್ಟಿಕ್ ಫಿಲ್ಮಿನ ಸ್ಟಿಕ್ಕರ್, ಎರಡನ್ನೂ ಹೀರಿಕೊಳ್ಳುವುದಿಲ್ಲ. ಎರಡರ ತುಂಡಿಗೂ ಶೇಂಗಾ ಎಣ್ಣೆ ಸವರಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಪೇಪರ್ ಹೋಳಿಗೆ ಸುತ್ತಿದ ಬಟರ್ ಪೇಪರಿನ ಹಾಗೆ ಪಾರದರ್ಶಕವಾಗಿತ್ತು. ಪಿಪಿಯನ್ನು ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಆದರೆ ಪಿಪಿ ಮೇಲೆ ಹಾಕಿದ ಸೀಲು ಬೆರಳಿಗೆ ಅಂಟಿಕೊಂಡಿತು.

ಒಂದೇ ಲೇಬಲ್ ಅಂತ ಹಟ ಹಿಡಿದರೆ ಇಲ್ಲಿ ದಾರಿ ಇಲ್ಲ. ಬ್ರೀಫಿನಲ್ಲಿ ಒಂದೇ ಲೇಬಲ್ ಇರಬೇಕು ಅಂತ ಎಲ್ಲೂ ಬರೆದಿರಲಿಲ್ಲ, ‘ಎಲ್ಲ ಲೇಬಲ್ ಸೇರಿ’ ಅಂತ ಇತ್ತು. ಮುಂದಕ್ಕೆ ಪಿಪಿ, ನಾಲ್ಕು ಬಣ್ಣ. ಹಿಂದಕ್ಕೆ ಕ್ರೋಮೋ ಪೇಪರ್, ಬರೀ ಕಪ್ಪು, ಲ್ಯಾಮಿನೇಷನ್ ಇಲ್ಲ. ಮುಂದೆ ಅಕ್ಷರ, ಹೆಸರು, ಬ್ರ್ಯಾಂಡ್, ತೂಕ, ಬಿಳಿ ಪಟ್ಟಿಯ ಮೇಲೆ ಹಸಿರು ಚುಕ್ಕಿ. ಉಳಿದದ್ದೆಲ್ಲ ಹಿಂದೆ. ಹೀಗೆ ಮಾಡಿದ್ದರಿಂದ ಇನ್ನೊಂದು ಉಪಕಾರವಾಯಿತು. ವಿಳಾಸ ಬದಲಾದರೆ, ಪದಾರ್ಥ ಬದಲಾದರೆ ಅಗ್ಗದ ಹಿಂದಿನ ಲೇಬಲ್ ಮಾತ್ರ ಮತ್ತೆ ಪ್ರಿಂಟ್ ಮಾಡಿಸಿದರೆ ಸಾಕು. ಮುಂದಿನದನ್ನು ಧೈರ್ಯವಾಗಿ ಜಾಸ್ತಿ ಮಾಡಿಸಿ ಇಟ್ಟುಕೊಳ್ಳಬಹುದು. ಹಿಂದೆಯೂ ಲೇಬಲ್ ಹಾಕುವುದರ ತೊಂದರೆ ಒಂದೇ, ಅಂಟಿಸುವ ಕೆಲಸ ಎರಡರಷ್ಟಾಯಿತು. ಅಂಟಿಸುವವರನ್ನೇ ಕೇಳಿ, ಅವರು ಒಪ್ಪಿದ ಮೇಲೆ ಮುಂದುವರಿದೆ.

ಸೂಪರ್ ಮಾರ್ಕೆಟ್ ಸೇರುವ ಆಸೆ ಅವರಿಗೆ ಇದೆ. ಅದಕ್ಕೆ ಹಿಂದೆ ಬಾರ್‌ಕೋಡ್ ಜಾಗ ಬಿಟ್ಟಿದ್ದೇನೆ. ಭಾರತದ ಜಿಎಸ್1 ಸಂಸ್ಥೆ ಕೊಡುವ 13 ಅಂಕಿಯ ಕೋಡು 890ರಿಂದ ಶುರುವಾಗುತ್ತದೆ. ಅದರ ಪೂರ್ಣ ಅಳತೆ 37.29×25.93 ಮಿ.ಮೀ., ಶೇ 80ರವರೆಗೆ ಕುಗ್ಗಿಸಬಹುದು. ಮಗ ಅದನ್ನು ಕೆಂಪು ಬಣ್ಣದಲ್ಲಿ ಹಾಕೋಣ ಅಂದ. ಸ್ಕ್ಯಾನರ್‌ನ ಬೆಳಕು ಕೆಂಪು. ಕೆಂಪು ಗೆರೆ ಅದಕ್ಕೆ ಬಿಳಿಯ ಹಾಗೆಯೇ ಕಾಣುತ್ತದೆ. ಬಿಳಿ ಮೇಲೆ ಕಪ್ಪೇ ಸರಿ.

ಚಿನ್ನದ ಫಾಯಿಲ್

ಮೊದಲ ಸುತ್ತು ತೋರಿಸಿದಾಗ ಮಗನಿಗೆ ಚಿನ್ನದ ಫಾಯಿಲ್ ಬೇಕಾಗಿತ್ತು. ಅರಿಶಿನ ಪಟ್ಟಿಯ ಬದಲು ಮಿರಮಿರ ಮಿಂಚುವ ಚಿನ್ನ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಅತ್ತಿಗೆಗೆ ರಂಗೋಲಿ ಹೋದದ್ದು ಬೇಜಾರು. ಇಂಥ ಹೊತ್ತಿನಲ್ಲಿ ಡಿಸೈನ್ ಮೀಟಿಂಗುಗಳು ಮನಸ್ತಾಪಕ್ಕೆ ತಿರುಗುವುದನ್ನು ನೋಡಿದ್ದೇನೆ. ಇಲ್ಲಿ ನಾದಿನಿ ಬ್ರೀಫಿನ ಪುಟ ತೆಗೆದು ಮೇಜಿನ ಮೇಲೆ ಇಟ್ಟರು. ಫಾಯಿಲ್ ಹಾಕಿದರೆ 5 ರೂಪಾಯಿ ಮೀರುತ್ತದೆ. ಪಟ್ಟಿ ಹಾಗೇ ಇರಬೇಕು ಅಂತ ಬರೆದಿದೆ. ಎರಡು ಸಾಲು ಅಡ್ಡ ಬಂದವು. ಮಗನೇ ಓದಿಕೊಂಡು ಬಿಟ್ಟುಕೊಟ್ಟ. ಹಬ್ಬದ ಗಿಫ್ಟ್ ಪ್ಯಾಕಿಗೆ ಫಾಯಿಲ್ ಇಟ್ಟುಕೊಳ್ಳೋಣ ಅಂತ ಬೇರೆ ಪುಟದಲ್ಲಿ ಬರೆದಿಟ್ಟೆ. ಒಳ್ಳೆಯ ಯೋಚನೆ ಅದು, ಸುಮ್ನೆ ಹಾಳಾಗಬಾರದು.

ರಂಗೋಲಿ? ಬ್ರೀಫಿನಲ್ಲಿ ಅದು ಬೇಕು ಅಂತಲೂ ಇರಲಿಲ್ಲ, ಬೇಡ ಅಂತಲೂ ಇರಲಿಲ್ಲ. ದೊಡ್ಡ ಅಕ್ಷರದ ಸುತ್ತ ಹಾಕಿದರೆ ದೂರದಿಂದ ಅಕ್ಷರ ಕಲಸಿಹೋಗುತ್ತಿತ್ತು. ಅತ್ತಿಗೆ ಕೈಯಾರೆ ಬಿಟ್ಟ ಎಳೆ ರಂಗೋಲಿಯೊಂದರ ಫೋಟೋ ತೆಗೆದು, ಗೆರೆಯಾಗಿ ತಿದ್ದಿ, ಹಿಂದಿನ ಲೇಬಲ್ಲಿನ ಮೇಲಂಚಿಗೆ ಹಾಕಿದೆ. ಅಲ್ಲಿ ಅದು ಯಾರಿಗೂ ಅಡ್ಡಿಯಿಲ್ಲ, ಅವರ ಕೈಬರಹವೂ ಪ್ಯಾಕೆಟ್ ಮೇಲೆ ಉಳಿಯಿತು.

ಒಪ್ಪಿಗೆಗೆ ಮುಂಚೆ ಅಂಗಡಿಯಲ್ಲೇ ಒಂದು ಪರೀಕ್ಷೆ. ಸಾದಾ ಪ್ರಿಂಟ್ ತೆಗೆದು ಹಳೆಯ ಪ್ಯಾಕೆಟ್ಟುಗಳ ಮೇಲೆ ಅಂಟಿಸಿ ರ‍್ಯಾಕಿನಲ್ಲಿ ಇಟ್ಟೆವು. ಬೇಕೆಂದೇ ಕಪ್ಪು ಬಿಳುಪಿನಲ್ಲಿ, ಬಣ್ಣದ ಸಹಾಯ ಇಲ್ಲದೆ. ಗಿರಾಕಿಗಳು ಕೇಳಿದ ಹಾಗೆ ಹುಡುಗ ತೆಗೆದು ಕೊಟ್ಟ. ಒಂದೂ ತಪ್ಪಲಿಲ್ಲ. ಮೂರನೆಯ ಗಿರಾಕಿಯ ಹೊತ್ತಿಗೆ ಅವನು ‘ಸಾ ಒಂದಾ, ಎರಡಾ?’ ಅಂತ ಕೇಳುತ್ತಿದ್ದ. ನಾದಿನಿ ಅಲ್ಲೇ ಸಹಿ ಹಾಕಿದರು.

ಪ್ರೆಸ್ಸಿಗೆ

ಫೈಲ್ ಕೊಡುವಾಗ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿದೆ, ಅಂದರೆ ಫಾಂಟ್ ಬೇಡದ ಚಿತ್ರದ ಗೆರೆಗಳಾಗಿ ಬದಲಾಯಿಸಿದೆ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಒಡೆಯದಿರಲಿ ಅಂತ. ತಿದ್ದಲು ಬರುವ ಮೂಲ ಫೈಲನ್ನು ಮನೆಯವರಿಗೆ ಬೇರೆಯಾಗಿ ಕೊಟ್ಟೆ. ಅದು ಅವರ ಆಸ್ತಿ ಅಂತಲೂ ಬ್ರೀಫಿನಲ್ಲಿ ಇತ್ತು. ಪೂರ್ತಿ ಲಾಟಿಗೆ ಮುಂಚೆ ಅಸಲಿ ಸ್ಟಿಕ್ಕರ್ ಮೇಲೆ ಒಂದು ಹಾಳೆ ಪ್ರೂಫ್ ತೆಗೆಸಿ, ಹಳೆಯ ಲೇಬಲ್ಲಿನ ಪಕ್ಕ ಇಟ್ಟು ಅರಿಶಿನ ಬಣ್ಣ ಹೋಲಿಸಿದೆವು. ಸ್ವಲ್ಪ ನಿಂಬೆಹಣ್ಣಿನ ಕಡೆ ವಾಲಿತ್ತು. ಮೆಜೆಂಟಾ (ಗುಲಾಬಿಗೆಂಪು) ಇಂಕು ಒಂದಿಷ್ಟು ಏರಿಸಿದ ಮೇಲೆ ಕೂತಿತು.

ಕೊನೆಗೆ ಅಂಟಿಸಲು ಒಂದು ಅಚ್ಚು ಮಾಡಿಕೊಟ್ಟೆ. ದಪ್ಪ ರಟ್ಟಿನ ಎರಡು ಪಟ್ಟಿಗಳನ್ನು ಮೂಲೆಯಾಗಿ ಅಂಟಿಸಿ, ಕೆಳಗಿನಿಂದ 5 ಸೆಂ.ಮೀ. ಎತ್ತರಕ್ಕೆ, ಪಕ್ಕದಿಂದ 2.5 ಸೆಂ.ಮೀ. ಒಳಗೆ ಗೆರೆ ಹಾಕಿದ್ದೇನೆ. ಪೌಚನ್ನು ಮೂಲೆಗೆ ಒತ್ತಿ ಹಿಡಿದು, ಗೆರೆಗೆ ಸರಿಯಾಗಿ ಸ್ಟಿಕ್ಕರ್ ಇಟ್ಟರೆ ಎಲ್ಲ ಪ್ಯಾಕೆಟ್ಟಿನಲ್ಲೂ ಅಕ್ಷರ ಒಂದೇ ಎತ್ತರಕ್ಕೆ ಬರುತ್ತದೆ, ಅಡ್ಡಪಟ್ಟಿಯ ಹಿಂದೆ ಹೋಗುವುದಿಲ್ಲ. ಖರ್ಚು ಏನೂ ಇಲ್ಲ, ಮನೆಯಲ್ಲಿದ್ದ ರಟ್ಟು.

ಹೊಸ ಲೇಬಲ್ ಈಗ ಅಂಗಡಿಗಳಲ್ಲಿ ಇದೆ. ಅದಲು ಬದಲಾಗಿ ವಾಪಸ್ ಬರುವುದು ನಿಂತಿದೆ. ಇನ್ನೊಂದು ಕೆಲಸ ಶುರುವಾಗುವುದರಲ್ಲಿದೆ, ಪುಳಿಯೋಗರೆ ಗೊಜ್ಜು, ಗಾಜಿನ ಬಾಟಲಿಯಲ್ಲಿ. ಈ ಸಲ ನಾನು ಕೇಳುವ ಮುಂಚೆಯೇ ನಾದಿನಿ ಮೊದಲ ಸಾಲುಗಳನ್ನು ಬರೆದು ಕಳಿಸಿದ್ದಾರೆ: ‘ಬಾಟಲಿ ಗುಂಡಗಿದೆ, ಯಾವ ಕಡೆ ತಿರುಗಿಸಿ ಇಟ್ಟರೂ ಹೆಸರು ಕಾಣಬೇಕು. ಫ್ರಿಜ್‌ನಿಂದ ತೆಗೆದಾಗ ಬೆವರುತ್ತದೆ, ಲೇಬಲ್ ಏಳಬಾರದು. ಒಪ್ಪಿಗೆ ಅತ್ತಿಗೆಯದು.’ ಬಾಟಲಿಯ ಸುತ್ತಳತೆ ತೆಗೆದುಕೊಳ್ಳಲು ಈ ಶನಿವಾರ ಹೋಗುತ್ತಿದ್ದೇನೆ.